ಎಸ್ಟೇಟ್ ಸೇಲಲ್ಲಿ ಸಿಕ್ಕ ಮರದ ಬಾತುಕೋಳಿ – ಹಳೇ ಡಿಕಾಯ್ (ಬೇಟೇಲಿ ನಿಜವಾದ ಬಾತುಗಳನ್ನ ಸೆಳೆಯೋಕೆ ನೀರಿಗೆ ಬಿಡೋ ಗೊಂಬೆ ಬಾತು) ಹೌದಾ, ಬರೀ ಶೋಪೀಸಾ?

ಮಲೆನಾಡ_ಮಗಳು:

ಎಲ್ರಿಗೂ ನಮಸ್ಕಾರ. ಹಳೇ ಸಾಮಾನಿನ ವಿಷಯ ಗೊತ್ತಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ನಾವಿರೋದು ಮೇರಿಲ್ಯಾಂಡಲ್ಲಿ, ಹಾರ್ಫರ್ಡ್ ಕೌಂಟಿ ಕಡೆ. ಪಕ್ಕದ ರೋಡಲ್ಲಿ ಒಬ್ರು ವಯಸ್ಸಾದೋರ ಮನೆ ಖಾಲಿ ಮಾಡ್ತಾ ಎಸ್ಟೇಟ್ ಸೇಲ್ ಹಾಕಿದ್ರು, ನಾನು ಹೋಗಿದ್ದು ಕಬ್ಬಿಣದ ಬಾಣಲೆ ಸಿಗುತ್ತಾ ಅಂತ, ಬಂದಿದ್ದು ಎರಡು ಮರದ ಬಾತುಕೋಳಿ ಹಿಡ್ಕೊಂಡು. ಎರಡಕ್ಕೂ ಸೇರಿ 40 ಡಾಲರ್ ಕೊಟ್ಟೆ.

ಒಂದು ತುಂಬಾ ಚೆನ್ನಾಗಿದೆ, ಒಂದೊಂದು ಗರಿನೂ ಕೆತ್ತಿದಾರೆ, ಗಾಜಿನ ಕಣ್ಣು, ಪಾಲಿಶ್ ಹೊಡೆದಂಗೆ ಮಿಂಚುತ್ತೆ, ಅಡಿಗೆ ಹಸಿರು ಬಟ್ಟೆ ಅಂಟಿಸಿದಾರೆ. ಇನ್ನೊಂದು ನೋಡಕ್ಕೆ ಅಷ್ಟಕ್ಕಷ್ಟೆ, ಒಳ್ಳೆ ಭಾರ ಇದೆ, ತಲೆ ಕಂದುಗೆಂಪು, ಎದೆ ಕಪ್ಪು, ಬೆನ್ನು ಯಾವ್ದೋ ಕಾಲದಲ್ಲಿ ಬಿಳಿ ಇತ್ತೇನೋ ಈಗ ಮಾಸಿದೆ, ಕೊಕ್ಕಿನ ತುದಿ ಮುಕ್ಕಾಗಿದೆ, ಕುತ್ತಿಗೆ ಹತ್ರ ಬಿರುಕು. ಅಡಿಯಲ್ಲಿ ಒಂದು ಸೀಸದ ತುಂಡು ಹೊಡೆದಿದಾರೆ, ಎದೆ ಕೆಳಗೆ ಒಂದು ಕಬ್ಬಿಣದ ರಿಂಗು, ಆಮೇಲೆ ಮರಕ್ಕೆ ಬರೆ ಹಾಕಿದಂಗೆ ಏನೋ ಇಂಗ್ಲಿಷ್ ಅಕ್ಷರ.

ನಮ್ಮನೆಯವರು ಎರಡನೇದು ಕಸ ಅಂತಾರೆ. ಮಗ ಅದನ್ನ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಸ್ಕೂಲ್ ಪ್ರಾಜೆಕ್ಟಿಗೆ ಹೊಸ ಪೇಂಟ್ ಮಾಡ್ತೀನಿ ಅಂತ ಕೂತಿದಾನೆ. ಮಾಡ್ಲಿ ಅಂತ ಬಿಡ್ಲಾ? ಮೊದಲನೇದಕ್ಕೆ ಏನಾದ್ರೂ ಬೆಲೆ ಬರುತ್ತಾ?

ಬಸವನಗುಡಿ_ಟು_ಬಾಸ್ಟನ್:

ಮೇಡಂ ಆ ಗಾಜಿನ ಕಣ್ಣಿಂದನ್ನ ಹುಷಾರಾಗಿ ಎತ್ತಿಡಿ ಮೊದ್ಲು!! ನಮ್ಮ ಮ್ಯಾಸಚೂಸೆಟ್ಸಲ್ಲಿ ಕೇಪ್ ಕಾಡಿನ ಈಸ್ಟ್ ಹಾರ್ವಿಚ್ ಅನ್ನೋ ಊರಲ್ಲಿ ಎಲ್ಮರ್ ಕ್ರೋವೆಲ್ ಅಂತ ಒಬ್ಬ ಇದ್ದ, 1862ರಲ್ಲಿ ಹುಟ್ಟಿದೋನು, ಅವನು ಮಾಡಿದ ಎರಡು ಹಕ್ಕಿ, ಒಂದು ಪಿನ್‌ಟೇಲ್ ಬಾತು ಒಂದು ಕೆನಡಾ ಗೂಸ್, 2007ರಲ್ಲಿ ಒಂದೊಂದೂ 11.3 ಲಕ್ಷ ಡಾಲರಿಗೆ ಮಾರಾಟ ಆಯ್ತು. ಒಂದೊಂದೂ!! ಅಡೀಲಿ ಮೊಟ್ಟೆ ಆಕಾರದ ಮುದ್ರೆ ಇದೆಯಾ ನೋಡಿ, ಅದು ಕ್ರೋವೆಲ್ ಗುರುತು. ಇಲ್ಲಾಂದ್ರೆ ಡೆಟ್ರಾಯ್ಟಿನ ಮೇಸನ್ ಫ್ಯಾಕ್ಟರಿದು ಇರಬಹುದು, ಅವರೂ ಗಾಜಿನ ಕಣ್ಣು ಹಾಕ್ತಿದ್ರು.

ಶೋರ್_ರಾಯ:

ಮಲೆನಾಡ ಮೇಡಂ, ಮೊದಲು ಮಗನ ಕೈಯಿಂದ ಸ್ಯಾಂಡ್‌ಪೇಪರ್ ಕಿತ್ಕೊಳ್ಳಿ, ಉಳಿದಿದ್ದು ಆಮೇಲೆ ಮಾತಾಡೋಣ. ಬೆಲೆ ಹಾಳಾಗುತ್ತೆ ಅಂತ ಮಾತ್ರ ಅಲ್ಲ. ಹಳೇ ಬಣ್ಣ ಅಂದ್ರೆ ಅದ್ರಲ್ಲಿ ಸೀಸ ಇರೋದೇ ಜಾಸ್ತಿ, ಈ ದೇಶದಲ್ಲಿ ಮನೆಗೆ ಹೊಡೆಯೋ ಪೇಂಟಲ್ಲಿ ಸೀಸ ಹಾಕೋದನ್ನ ನಿಲ್ಲಿಸಿದ್ದೇ 1978ರಲ್ಲಿ. ಉಜ್ಜಿದ್ರೆ ಏಳೋ ಧೂಳು ಮಕ್ಕಳ ಮೈಗೆ ಒಳ್ಳೇದಲ್ಲ. ಪ್ರಾಜೆಕ್ಟಿಗೆ ಕ್ರಾಫ್ಟ್ ಅಂಗಡೀಲಿ ಹೊಸ ಮರದ ಬಾತು ಸಿಗುತ್ತೆ, ಅದು ತಂದ್ಕೊಡಿ.

ಈಗ ನಿಮ್ಮ ಎರಡು ಬಾತು. ನೀವು ಚೆನ್ನಾಗಿದೆ ಅಂದಿದ್ದು ನೀರಿಗೆ ಇಳಿದ ಬಾತೇ ಅಲ್ಲ. ಅಡಿಗೆ ಬಟ್ಟೆ ಅಂಟಿಸಿದಾರೆ ಅಂದ್ರೆ ಟೇಬಲ್ ಮೇಲೆ ಕೂರೋಕೆ ಅಂತಲೇ ಮಾಡಿದ್ದು. ಅಂಥದ್ರಲ್ಲೂ ಬಹಳ ದೊಡ್ಡ ಕೆಲಸಗಾರರು ಇದಾರೆ, ಇಲ್ಲ ಅನ್ನಲ್ಲ, ನಮ್ಮ ಈಸ್ಟರ್ನ್ ಶೋರಿನ, ಅಂದ್ರೆ ಚೆಸಪೀಕ್ ಕೊಲ್ಲಿಯ ಪೂರ್ವ ದಡದ, ಕ್ರಿಸ್‌ಫೀಲ್ಡಲ್ಲಿ ಲೆಮ್ ವಾರ್ಡ್, ಸ್ಟೀವ್ ವಾರ್ಡ್ ಅಂತ ಅಣ್ಣತಮ್ಮಂದಿರಿದ್ರು, ವೃತ್ತೀಲಿ ಕ್ಷೌರಿಕರು, ಮೊದಲು ಬೇಟೆಗೆ ಡಿಕಾಯ್ ಮಾಡ್ತಾ ಮಾಡ್ತಾ ಆಮೇಲೆ ಬರೀ ಚೆಂದಕ್ಕೆ ಅಂತ ಮಾಡೋ ಹಾದಿ ಹಿಡಿದ್ರು, ಸಾಲಿಸ್‌ಬರೀಲಿ ಅವರ ಹೆಸರಲ್ಲೇ ಮ್ಯೂಸಿಯಂ ಆಯ್ತು. ಆದ್ರೆ ಗಿಫ್ಟ್ ಅಂಗಡೀಲಿ ಮಾರೋ ಅಚ್ಚು ಹೊಯ್ದ ರೆಸಿನ್ ಬಾತುಗಳೂ ದೂರದಿಂದ ಹಾಗೇ ಕಾಣ್ತವೆ. ಗರಿ ಸಂದೀಲಿ ಅಚ್ಚಿನ ಗೆರೆ ಏನಾದ್ರೂ ಇದೆಯಾ, ಎಲ್ಲಾದ್ರೂ ಮರದ ನಾರು ಕಾಣುತ್ತಾ ನೋಡಿ. ಬಾಸ್ಟನ್ ಸಾಹೇಬ್ರು ಹೇಳಿದ ಲಕ್ಷದ ಕಥೆ ನಿಜ, ಆದ್ರೆ ಆ ಲೆಕ್ಕ ಇಟ್ಕೊಂಡು ಎಸ್ಟೇಟ್ ಸೇಲಿಗೆ ಹೋದ್ರೆ ರಾತ್ರಿ ನಿದ್ದೆ ಬರಲ್ಲ ಅಷ್ಟೆ.

ಎರಡನೇದು, ನಿಮ್ಮೆಜಮಾನ್ರು ಕಸ ಅಂದಿದ್ದು, ಅದು ಕೇಳಿ ನನಗೆ ಕೈ ಕಡಿತಾ ಇದೆ. ನೀವಿರೋ ಕೌಂಟಿ ಡಿಕಾಯ್ ಪಾಲಿಗೆ ತವರುಮನೆ. ಹ್ಯಾವರ್ ಡಿ ಗ್ರೇಸ್ ನಿಮಗೆ ಹತ್ರವೇ ಅಲ್ವಾ, ಸಸ್ಕ್ವೆಹಾನ ನದಿ ಚೆಸಪೀಕ್ ಕೊಲ್ಲಿಗೆ ಸೇರೋ ಜಾಗ. ಅಲ್ಲಿ ನೀರು ಆಳ ಇಲ್ಲ, ಮೈಲಿಗಟ್ಟಲೆ ಹರಡ್ಕೊಂಡಿರೋ ಫ್ಲಾಟ್ಸ್, ತಳದಲ್ಲಿ ವೈಲ್ಡ್ ಸೆಲರಿ ಅನ್ನೋ ನೀರುಹುಲ್ಲು. ಅದರ ಗೆಡ್ಡೆ ತಿನ್ನೋಕೆ ಚಳಿಗಾಲದಲ್ಲಿ ಕ್ಯಾನ್ವಾಸ್‌ಬ್ಯಾಕ್ ಬಾತುಗಳು ಲಕ್ಷಗಟ್ಟಲೆ ಬರ್ತಿದ್ವು, ಆ ಹುಲ್ಲು ತಿಂದ ಬಾತಿನ ಮಾಂಸಕ್ಕೆ ಬಾಲ್ಟಿಮೋರ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಹೋಟೆಲುಗಳಲ್ಲಿ ಸಿಕ್ಕಾಪಟ್ಟೆ ಬೆಲೆ. ರೈಲು ಬಂದಮೇಲಂತೂ ಕೇಳೋದೇ ಬೇಡ.

ಬೇಟೆಗಾರರು ಸಿಂಕ್‌ಬಾಕ್ಸ್ ಅಂತ ಒಂದು ಇಟ್ಕೊತಿದ್ರು. ಶವಪೆಟ್ಟಿಗೆ ತರ ಒಂದು ಪೆಟ್ಟಿಗೆ, ಸುತ್ತ ನೀರಿನ ಮೇಲೆ ಹಾಸಿದ ಕ್ಯಾನ್ವಾಸ್ ರೆಕ್ಕೆ, ಮನುಷ್ಯ ಅದ್ರೊಳಗೆ ಅಂಗಾತ ಮಲಗಿದ್ರೆ ನೀರಿನ ಮಟ್ಟಕ್ಕಿಂತ ಮೇಲೆ ಏನೂ ಕಾಣಲ್ಲ. ಅದರ ಸುತ್ತ ಇನ್ನೂರು ಮುನ್ನೂರು ಕೆಲವು ಸಲ ಐನೂರು ಮರದ ಬಾತು ತೇಲಿಬಿಡೋದು, ಮೇಲೆ ಹಾರ್ತಿರೋ ನಿಜವಾದ ಗುಂಪು ಓ ನಮ್ಮೋರೇ ಇಲ್ಲಿ ಮೇಯ್ತಾ ಇದಾರೆ ಅಂತ ಇಳಿಯುತ್ತೆ. ಒಬ್ಬನಿಗೆ ಐನೂರು ಬೇಕು ಅಂದಮೇಲೆ ಒಂದೊಂದು ಗರಿ ಕೆತ್ತೋನು ಯಾರು? ಅಷ್ಟು ಎತ್ತರದಿಂದ ಬಾತಿಗೆ ಕಾಣೋದು ಬಿಳಿ ಬೆನ್ನು, ಕಪ್ಪು ಎದೆ, ನೀರ ಮೇಲೆ ಕೂತಿರೋ ಭಂಗಿ, ಇಷ್ಟೆ. ಹಂಗಾಗಿ ಈ ಭಾಗದ ಬಾತುಗಳು ಗಟ್ಟಿ ಮರದ ತುಂಡು, ದುಂಡನೆ ಅಡಿ, ಮೈಮೇಲೆ ಒಂದು ಗೆರೆ ಕೂಡ ಜಾಸ್ತಿ ಇಲ್ಲ. ನನ್ನ ಕಣ್ಣಿಗೆ ಅದೇ ಚೆಂದ. ಯಾವುದನ್ನ ಬಿಡಬಹುದೋ ಅದನ್ನೆಲ್ಲ ಬಿಟ್ಟಮೇಲೂ ಅದು ಬಾತೇ, ಬೇರೆ ಏನೂ ಅಲ್ಲ.

ಅಡಿಯಲ್ಲಿರೋ ಸೀಸ ಅಲೆಗೆ ಮಗುಚದೇ ಇರ್ಲಿ ಅಂತ, ರಿಂಗು ಲಂಗರಿನ ಹಗ್ಗ ಕಟ್ಟೋಕೆ. ಆ ಬರೆ ಅಕ್ಷರ ಮಾಡಿದೋನ ಹೆಸರು ಅಂತ ಸುಮಾರು ಜನ ಅಂದ್ಕೊತಾರೆ, ಬಹುಪಾಲು ಅಲ್ಲ. ಬೇಟೆಗೆ ಅಂತ ಮಾಡ್ತಿದ್ದ ಕಾಲದಲ್ಲಿ ಸಹಿ ಹಾಕೋರು ಕಮ್ಮಿ, ಬರೆ ಹಾಕ್ತಿದ್ದೋನು ಮಾಲೀಕ, ನಿನ್ನ ಬಾತು ನನ್ನ ಬಾತು ಬೆರೆತು ಹೋಗಬಾರದು ಅಂತ.

ಈಗ ನೀವು ಒಂದು ಕೆಲಸ ಮಾಡಿ. ಒದ್ದೆ ಬಟ್ಟೆ, ಎಣ್ಣೆ, ಥಿನ್ನರ್ ಏನೂ ಮುಟ್ಟಿಸದೆ ಕಿಟಕಿ ಬೆಳಕಲ್ಲಿ ಅದನ್ನ ತಲೆಕೆಳಗೆ ಮಾಡಿ ಕೂತ್ಕೊಂಡು ನೋಡಿ, ಏನೇನು ಕಾಣುತ್ತೋ ಬರೀರಿ. ಕಣ್ಣು ಹೇಗಿದೆ, ಬಾಲ ಯಾವ ಕಡೆ ತಿರುಗಿದೆ, ಮೊಳೆ ಯಾವ ತರ, ಮುಕ್ಕಾದ ಕಡೆ ಬಣ್ಣದ ಕೆಳಗೆ ಬೇರೆ ಬಣ್ಣ ಇದೆಯಾ.

ಬಸವನಗುಡಿ_ಟು_ಬಾಸ್ಟನ್:

ರಾಯರೇ ಮೇಸನ್ ಅಲ್ಲ ಅಂತ ಹೇಗೆ ಅಷ್ಟು ಗ್ಯಾರಂಟಿ?

ಶೋರ್_ರಾಯ:

ಗ್ಯಾರಂಟಿ ಅಂತ ಎಲ್ಲಿ ಹೇಳ್ದೆ ಗುರು. ಮೇಸನ್ ನಡೆದಿದ್ದು 1896ರಿಂದ 1924ರ ತನಕ, ದೇಶದ ತುಂಬ ಪೋಸ್ಟಲ್ಲಿ ರೈಲಲ್ಲಿ ಕಳಿಸ್ತಿದ್ರು, ಮೇರಿಲ್ಯಾಂಡಲ್ಲೂ ಸಿಗುತ್ತೆ. ಆದ್ರೆ ಅವರ ಬಾತಲ್ಲಿ ಎದೆ ಮೇಲೆ ಬಣ್ಣ ದಪ್ಪಗೆ ಬ್ರಶ್ ತಿರುಗಿಸಿ ತಿರುಗಿಸಿ ಹಚ್ಚಿರ್ತಾರೆ, ಸುಳಿ ಸುಳಿಯಾಗಿ ಕೈಗೆ ಸಿಗುತ್ತೆ. ಕುತ್ತಿಗೆ ಮೈ ಸೇರೋ ಕಡೆ ಪುಟ್ಟಿ ತುಂಬಿರ್ತಾರೆ, ಹಳೇದಾದ್ರೆ ಆ ಪುಟ್ಟಿ ಉದುರಿ ಕಾಲುವೆ ತರ ಕಾಣುತ್ತೆ. ಅವರಲ್ಲೇ ಗ್ರೇಡುಗಳು ಬೇರೆ, ಪ್ರೀಮಿಯರ್ ಮೇಲಿಂದು, ಆಮೇಲೆ ಚಾಲೆಂಜ್, ಕೆಳಗೆ ಸ್ಟ್ಯಾಂಡರ್ಡು, ಅದ್ರಲ್ಲಿ ಗಾಜಿನ ಕಣ್ಣು, ಮೊಳೆ ಕಣ್ಣು, ಬರೀ ಬಣ್ಣದ ಚುಕ್ಕೆ ಅಂತ ಮೂರು ದರ. ಗಾಜಿನ ಕಣ್ಣು ಇದ್ದ ಮಾತ್ರಕ್ಕೆ ಏನೂ ಸಾಬೀತಾಗಲ್ಲ, ಗಾಜಿನ ಕಣ್ಣು ಇವತ್ತೂ ಅಂಗಡೀಲಿ ಸಿಗುತ್ತೆ.

ಕೆರೆ_ಹಕ್ಕಿ:

ಮೈಸೂರಿಂದ ಒಬ್ಬ ಹಕ್ಕಿ ನೋಡೋನು. ಡಿಕಾಯ್ ಬಗ್ಗೆ ಓದಿದ್ದು ಅಷ್ಟೆ, ಆದ್ರೆ ಕೆಂಪು ತಲೆ ಕಪ್ಪು ಎದೆ ಅಂದ ತಕ್ಷಣ ಕಿವಿ ನಿಮಿರ್ತು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರೋ ಕಾಮನ್ ಪೋಚಾರ್ಡ್ ಇದೆಯಲ್ಲ, ಕ್ಯಾನ್ವಾಸ್‌ಬ್ಯಾಕ್ ಅದರ ದೊಡ್ಡಪ್ಪನ ಮಗ, ಎರಡೂ ಐಥಿಯಾ ಕುಲ.

ಅಮೆರಿಕದಲ್ಲಿ ಈ ಬಣ್ಣದ್ದು ಎರಡು ಇದಾವೆ, ಕ್ಯಾನ್ವಾಸ್‌ಬ್ಯಾಕ್ ಮತ್ತೆ ರೆಡ್‌ಹೆಡ್. ಗಂಡು ಕ್ಯಾನ್ವಾಸ್‌ಬ್ಯಾಕಿಗೆ ಬೆನ್ನು ಬಿಳಿ, ರೆಡ್‌ಹೆಡ್ಡಿಗೆ ಬೂದು. ಆದ್ರೆ ಡಿಕಾಯಲ್ಲಿ ಬಣ್ಣ ನಂಬ್ಕೊಂಡು ಕೂರಬೇಡಿ, ಬೇಟೆಗಾರರು ವರ್ಷ ವರ್ಷ ಮತ್ತೆ ಹಚ್ಚೋರು, ಒಂದು ಜಾತೀನ ಇನ್ನೊಂದು ಜಾತಿ ಮಾಡೋರು. ಹಣೆ ನೋಡಿ. ಪಕ್ಕದಿಂದ ನೋಡಿದಾಗ ನೆತ್ತಿಯಿಂದ ಕೊಕ್ಕಿನ ತುದಿವರೆಗೂ ಜಾರುಬಂಡೆ ತರ ಒಂದೇ ಇಳಿಜಾರು ಇದ್ರೆ ಕ್ಯಾನ್ವಾಸ್‌ಬ್ಯಾಕ್, ತಲೆ ದುಂಡಗಿದ್ದು ಹಣೆ ಹತ್ರ ತಿರುವು ಇದ್ರೆ ರೆಡ್‌ಹೆಡ್. ಕೆತ್ತಿದ ಆಕಾರ ಬಣ್ಣದಷ್ಟು ಸುಲಭವಾಗಿ ಬದಲಾಗಲ್ಲ.

ಇನ್ನೊಂದು, ಸಂಬಂಧ ಇಲ್ಲದಿದ್ರೂ ಹೇಳಿಬಿಡ್ತೀನಿ. ನೆವಾಡಾದ ಲವ್‌ಲಾಕ್ ಗುಹೇಲಿ 1924ರಲ್ಲಿ ಜೊಂಡಿನಿಂದ ಹೆಣೆದ ಬಾತುಗಳು ಸಿಕ್ವು, ಅಲ್ಲಿನ ಮೂಲನಿವಾಸಿಗಳು ಸುಮಾರು ಎರಡು ಸಾವಿರ ವರ್ಷದ ಹಿಂದೆ ಮಾಡಿದ್ದು, ಬಣ್ಣ ಹಚ್ಚಿ ಗರಿ ಸಿಕ್ಕಿಸಿದಾರೆ. ಅದೂ ಕ್ಯಾನ್ವಾಸ್‌ಬ್ಯಾಕೇ! ಫೋಟೋ ನೋಡಿ ಒಂದ್ಸಲ, ಎರಡು ಸಾವಿರ ವರ್ಷದ ಹಿಂದೆ ಆ ಹಣೆ ಇಳಿಜಾರನ್ನ ಜೊಂಡಲ್ಲಿ ಹಿಡಿದಿದಾರೆ ಮಹಾನುಭಾವರು.

ಸುಮ್ನೆ_ಒಬ್ಬ:

ಸಾವಿರಾರು ಹಕ್ಕಿ ಕೊಲ್ಲೋಕೆ ಮಾಡಿದ ಮೋಸದ ಗೊಂಬೆ, ಅದನ್ನ ಶೋಕೇಸಲ್ಲಿ ಇಟ್ಟು ಮೆಚ್ಚೋದು ಏನಿದೆ ಅಂತ ನನಗೆ ಅರ್ಥ ಆಗಲ್ಲ ಸಾರ್.

ಶೋರ್_ರಾಯ:

ಕೇಳೋ ಪ್ರಶ್ನೆ ಸರಿಯಾಗೇ ಇದೆ. ಆ ಮಾರಾಟದ ಬೇಟೆ ಹಕ್ಕಿಗಳನ್ನ ನಿಜವಾಗ್ಲೂ ಬಳಿದು ಹಾಕ್ತು, ಅದಕ್ಕೇ 1918ರಲ್ಲಿ ವಲಸೆ ಹಕ್ಕಿ ಕಾಯ್ದೆ ಬಂತು, ಕಾಡುಬಾತು ಹೊಡೆದು ಮಾರೋದು ಬಂದ್ ಆಯ್ತು. 1935ರಲ್ಲಿ ಸಿಂಕ್‌ಬಾಕ್ಸೂ ಬಂದ್, ಜೀವಂತ ಬಾತು ಕಟ್ಟಿಹಾಕಿ ಬೇರೆ ಬಾತು ಕರೆಯೋದೂ ಬಂದ್. ಅದಕ್ಕಿಂತ ಒಂದು ವರ್ಷ ಮುಂಚೆ ಶುರುವಾದ ಡಕ್ ಸ್ಟ್ಯಾಂಪ್ ಅನ್ನೋ ಬೇಟೆ ಪರವಾನಗಿ ಚೀಟೀನ ಇವತ್ತಿಗೂ ಬೇಟೆಗಾರ ದುಡ್ಡು ಕೊಟ್ಟು ತಗೋಬೇಕು, ಡಾಲರಲ್ಲಿ 98 ಸೆಂಟು ಜೌಗು ನೆಲ ಉಳಿಸೋಕೆ ಹೋಗುತ್ತೆ. ಆದ್ರೂ ಫ್ಲಾಟ್ಸಿನ ಬಾತುಗಳಿಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಬರೀ ಬಂದೂಕು ಅಲ್ಲ. ಕೊಲ್ಲಿ ನೀರು ಮೊದಲೇ ಕೆಡ್ತಾ ಇತ್ತು, 1972ರಲ್ಲಿ ಆಗ್ನೆಸ್ ಚಂಡಮಾರುತ ಬಂದು ನದಿ ಪೂರ್ತಿ ಮಣ್ಣು ತಂದು ಸುರೀತು, ನೀರುಹುಲ್ಲು ನಾಶ ಆಯ್ತು, ಹುಲ್ಲಿಲ್ದೆ ಬಾತು ಬರೋದು ಕಮ್ಮಿ ಆಯ್ತು. ಇಷ್ಟೆಲ್ಲ ಆ ಒಂದು ಮರದ ತುಂಡಲ್ಲಿ ಇದೆ, ನಾನು ಮೆಚ್ಚೋದು ಅದಕ್ಕೆ. ನಿಮಗೆ ಇಷ್ಟ ಇಲ್ಲ ಅಂದ್ರೆ ಜಗಳ ಏನಿಲ್ಲ.

ಸಾಗರದ_ಬಡಗಿ:

ಮರಗೆಲಸದೋನು ನಾನು. ಬಾತು ಗೊತ್ತಿಲ್ಲ, ಮರ ಗೊತ್ತು. ಅಕ್ಕ, ಆ ಬಿರುಕನ್ನ ಸರಿಯಾಗಿ ನೋಡಿ. ಬಿರುಕಿನ ಒಳಗೆ ಬಣ್ಣ ಇಳಿದಿದ್ರೆ ಮರ ಮೊದಲು ಬಿಟ್ಟಿದೆ, ಬಣ್ಣ ಆಮೇಲೆ ಹಚ್ಚಿದಾರೆ ಅಂತ. ಒಳಗೆ ಬರೀ ಮರ, ಕೊಳೆ ಇದ್ರೆ ಬಣ್ಣ ಮೊದಲಿಂದು. ಹೊಸ ಮಾಲನ್ನ ಹಳೇದು ಅಂತ ತೋರಿಸೋರು ಬಿರುಕಿಗೆ ಕಪ್ಪು ಬಳಿತಾರೆ, ಅದು ನಮ್ಮ ಕಡೆ ದೇವರ ವಿಗ್ರಹದಲ್ಲೂ ನಡೆಯುತ್ತೆ ಮಾರಾಯ್ರೆ, ಕೊಳೆ ಎಲ್ಲಾ ಕಡೆ ಒಂದೇ ಸಮ ಇದ್ರೆ ಅನುಮಾನ ಪಡಿ.

ಮೊಳೆ ತಲೆ, ಕಾಂಡ ಚೌಕ ಇದ್ರೆ ಹಳೇ ಕಟ್ ಮೊಳೆ, ದುಂಡಗಿದ್ರೆ ತಂತಿ ಮೊಳೆ, ಆಮೇಲಿನ ಕಾಲದ್ದು. ಮೈಮೇಲೆ ಓರೆ ಬೆಳಕು ಬಿಟ್ಟು ನೋಡಿ. ಕೈಕೊಡಲಿ, ಉಳಿಯಲ್ಲಿ ತೆಗೆದಿದ್ರೆ ಸಣ್ಣ ಸಣ್ಣ ಚಪ್ಪಟೆ ಗುರುತು ಸಿಗುತ್ತೆ, ಲೇತ್ ಮೇಲೆ ತಿರುಗಿಸಿದ್ರೆ ಅಡ್ಡಕ್ಕೆ ಪಟ್ಟೆ ಪಟ್ಟೆ. ಮರ ಯಾವುದು ಹಾಕ್ತಾರೆ ಅಲ್ಲಿ?

ಶೋರ್_ರಾಯ:

ಬಡಗಿ ಅಣ್ಣ ನೀವು ಇಲ್ಲಿಗೆ ಬನ್ನಿ, ನಮ್ಮ ಅರ್ಧ ತಜ್ಞರಿಗೆ ಕೆಲಸ ಇರಲ್ಲ. ಈ ಭಾಗದಲ್ಲಿ ಮೈಗೆ ವೈಟ್ ಸೀಡರ್ ಇಲ್ಲ ಪೈನ್, ತಲೆಗೆ ಪೈನ್. ನ್ಯೂಜೆರ್ಸಿ ಕಡೆ ಸೀಡರನ್ನೇ ಎರಡು ಹೋಳು ಮಾಡಿ ಒಳಗೆ ಟೊಳ್ಳು ಮಾಡಿ ಮತ್ತೆ ಸೇರಿಸ್ತಾರೆ, ದೋಣಿ ಚಿಕ್ಕದು, ಭಾರ ಆಗಬಾರದು ಅಂತ. ಲೂಸಿಯಾನಾದಲ್ಲಿ ಸೈಪ್ರೆಸ್ ಬೇರು, ಟುಪೆಲೋ. ನಾರ್ತ್ ಕ್ಯಾರೊಲಿನಾದಲ್ಲಿ ತಂತಿ ಚೌಕಟ್ಟಿಗೆ ಕ್ಯಾನ್ವಾಸ್ ಬಟ್ಟೆ ಹೊದಿಸಿ ಬಣ್ಣ ಹೊಡೆದಿದ್ದೂ ಇದೆ. ಕೈಯಲ್ಲಿ ಎತ್ತಿ ಭಾರ ನೋಡಿ, ಅಡಿ ತಿರುಗಿಸಿದ್ರೆ ಯಾವ ಕಡೇದು ಅನ್ನೋದು ಅರ್ಧ ಗೊತ್ತಾಗೋದು ಇದಕ್ಕೇ.

ಮಲೆನಾಡ_ಮಗಳು:

ಅಯ್ಯೋ ಇಷ್ಟೊಂದು ಬರ್ದಿದೀರಾ ಎಲ್ರೂ, ಥ್ಯಾಂಕ್ಸ್. ಮಗನಿಗೆ ಹೇಳಿದೆ, ಮುಖ ಊದಿಸ್ಕೊಂಡ, ಆಮೇಲೆ ಅವನೇ ಟಾರ್ಚ್ ಹಿಡ್ಕೊಂಡು ಕೂತ. ಶೋಪೀಸಲ್ಲಿ ಹೊಟ್ಟೆ ಪಕ್ಕದಲ್ಲಿ ಉದ್ದಕ್ಕೆ ಒಂದು ಸಣ್ಣ ಗೆರೆ ಇದೆ, ಎರಡೂ ಕಡೆ ಸೇರಿಸಿದಂಗೆ, ರಾಯರು ಹೇಳಿದ ಅಚ್ಚು ಅಂತ ಅನ್ಸುತ್ತೆ. ಹೋಯ್ತು ನನ್ನ ಲಕ್ಷ ಡಾಲರ್ 😀

ಇನ್ನೊಂದರಲ್ಲಿ: ಹಣೆ ಪೂರ್ತಿ ಜಾರು, ತಿರುವು ಇಲ್ಲ. ಕಣ್ಣು ಬರೀ ಬಣ್ಣ, ಹಳದಿ ಸುತ್ತಿನೊಳಗೆ ಕಪ್ಪು ಚುಕ್ಕೆ. ಬಾಲ ತೆಳ್ಳಗೆ ಸ್ವಲ್ಪ ಮೇಲಕ್ಕೆ. ಅಡಿ ದುಂಡಗಿದೆ. ಮೈಮೇಲೆ ಓರೆ ಬೆಳಕಲ್ಲಿ ಅಡ್ಡ ಪಟ್ಟೆ ಕಾಣುತ್ತೆ, ತಲೇಲಿ ಇಲ್ಲ. ಮೊಳೆ ದುಂಡು. ಕುತ್ತಿಗೆ ಬಿರುಕಲ್ಲಿ ಬಿಳಿ ಬಣ್ಣ ಒಳಗೆ ಹೋಗಿದೆ. ಬಾಲದ ಹತ್ರ ಚಕ್ಕೆ ಎದ್ದ ಕಡೆ ಮೇಲೆ ಬಿಳಿ, ಅದರ ಕೆಳಗೆ ಇನ್ನೊಂದು ಬಿಳಿ, ಸ್ವಲ್ಪ ಕೆನೆ ಬಣ್ಣದ್ದು. ಅಕ್ಷರ ಎಸ್.ಜಿ.ಸಿ. ಆಮೇಲೆ ಪಕ್ಕದಲ್ಲಿ ಸಣ್ಣ ಸಣ್ಣ ತೂತು, ಹುಳ ತಿಂದಿದೆಯಾ ಅಂತ ಭಯ ಆಯ್ತು.

ಶೋರ್_ರಾಯ:

ತೂತು ಒಂದೇ ಕಡೆ ಗುಂಪಾಗಿ ಇದ್ದು, ಓರೆಯಾಗಿ ಒಳಗೆ ಹೋಗಿದ್ರೆ ಅದು ಹುಳ ಅಲ್ಲ, ಛರ್ರೆ, ಬಂದೂಕಿನ ಸಣ್ಣ ಗುಂಡು. ನೀರ ಮೇಲೆ ಕೂತಿದ್ದ ಬಾತಿಗೆ ಹೊಡೆಯೋಕೆ ಹೋಗಿ ಇದಕ್ಕೆ ಬಿದ್ದಿದೆ. ಹುಳ ಆದ್ರೆ ತೂತಿಂದ ಹಿಟ್ಟಿನ ತರ ಪುಡಿ ಉದುರ್ತಾ ಇರುತ್ತೆ, ಒಂದು ಕಪ್ಪು ಪೇಪರ್ ಮೇಲೆ ಇಟ್ಟು ಕೆಲವು ದಿನ ನೋಡಿ.

ಮೇಡಂ ನೀವು ಹೇಳಿದ್ದು ನೋಡಿದ್ರೆ ಗಂಡು ಕ್ಯಾನ್ವಾಸ್‌ಬ್ಯಾಕ್, ಹ್ಯಾವರ್ ಡಿ ಗ್ರೇಸ್ ಮಾದರಿ, ಲೇತಲ್ಲಿ ತೆಗೆದ ಮೈ, ಕೈಯಲ್ಲಿ ಕೆತ್ತಿದ ತಲೆ, ಅಂದ್ರೆ ಇಪ್ಪತ್ತನೇ ಶತಮಾನದ್ದು. ಆ ಊರಲ್ಲಿ ಮ್ಯಾಡಿಸನ್ ಮಿಚೆಲ್ ಅಂತ ಇದ್ದ, 1901ರಿಂದ 1993, ವೃತ್ತೀಲಿ ಶವಸಂಸ್ಕಾರದ ಏರ್ಪಾಟು ಮಾಡೋನು, ಬಿಡುವಿದ್ದಾಗೆಲ್ಲ ಬಾತು. ನಕಲು ತೆಗೆಯೋ ಲೇತ್ ಇಟ್ಕೊಂಡು ಸಾವಿರ ಸಾವಿರ ಮಾಡಿದ. ಎಲ್ರಿಗೂ ತಮ್ಮ ಬಾತು ಮಿಚೆಲ್‌ದೇ ಆಗ್ಲಿ ಅಂತ ಆಸೆ ಇರುತ್ತೆ, ಆದ್ರೆ ಅವನ ಹತ್ರ ಕೆಲಸ ಕಲಿತೋರು ಊರ ತುಂಬ, ಎಲ್ರದ್ದೂ ಅಕ್ಕಪಕ್ಕದ ಮನೆ ಮಕ್ಕಳಂಗೆ ಕಾಣುತ್ತೆ. ನಾನು ಕಣ್ಣಲ್ಲಿ ನೋಡ್ದೆ ಹೆಸರು ಹೇಳಲ್ಲ. ಎಸ್.ಜಿ.ಸಿ.ಯಲ್ಲಿ ಕೊನೇ ಎರಡಕ್ಷರ ಗನ್ ಕ್ಲಬ್ ಇರಬಹುದು, ಕ್ಲಬ್ಬುಗಳು ತಮ್ಮ ಬಾತಿಗೆ ಹಾಗೆ ಬರೆ ಹಾಕ್ತಿದ್ವು.

ಬೆಲೆ ವಿಷಯ. ಮೇಲಿನ ಬಿಳಿ ಬೇಟೆಗಾರ ಆಮೇಲೆ ಹಚ್ಚಿದ್ದು, ಬಿರುಕಲ್ಲೂ ಇಳಿದಿದೆ ಅಂದ್ರಲ್ಲ. ಹೆಸರಿಲ್ಲದ, ಮರುಬಣ್ಣದ ಬಾತಿಗೆ ನೂರು ಡಾಲರ್ ಆಸುಪಾಸು ಬಂದ್ರೆ ಖುಷಿ ಪಡಿ. ಯಾರದ್ದು ಅಂತ ಗುರುತು ಸಿಕ್ಕಿ, ಕೆಳಗಿನ ಕೆನೆಬಿಳಿ ಮೂಲ ಬಣ್ಣ ಚೆನ್ನಾಗಿ ಉಳಿದಿದ್ರೆ ಲೆಕ್ಕ ಬೇರೆ. ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಮೂಲ ಬಣ್ಣ ತೆಗೆಯೋ ಪಳಗಿದ ಕೈಗಳು ಇದಾವೆ. ಅದು ಮನೇಲಿ ಯೂಟ್ಯೂಬ್ ನೋಡ್ಕೊಂಡು ಮಾಡೋ ಕೆಲಸ ಅಲ್ಲ. ಹ್ಯಾವರ್ ಡಿ ಗ್ರೇಸಲ್ಲಿ 1986ರಿಂದ ಡಿಕಾಯ್ ಮ್ಯೂಸಿಯಂ ಇದೆ, ಮಗನ್ನ ಕರ್ಕೊಂಡು ಹೋಗಿ, ಸಾಲಾಗಿ ಇಟ್ಟಿರೋ ಕ್ಯಾನ್ವಾಸ್‌ಬ್ಯಾಕ್‌ಗಳ ಬಾಲ, ಕೊಕ್ಕು, ಕುತ್ತಿಗೆ ಬುಡ ಈ ಮೂರನ್ನೇ ನೋಡ್ತಾ ಹೋಗಿ. ಮೇ ತಿಂಗಳಲ್ಲಾದ್ರೆ ಊರಲ್ಲಿ ಡಿಕಾಯ್ ಜಾತ್ರೆನೂ ನಡೆಯುತ್ತೆ, ಹಳೇ ಕೆಲಸಗಾರರ ಹತ್ರ ಕೆಲಸ ಕಲಿತೋರು ಸಿಗ್ತಾರೆ, ಬಾತು ಕೈಗೆ ಕೊಟ್ರೆ ಕಣ್ಮುಚ್ಚಿ ಸವರಿ ಯಾರದ್ದು ಅಂತ ಹೇಳೋರೂ ಇದಾರೆ.

ಕೆರೆ_ಹಕ್ಕಿ:

ಸ್ಟ್ಯಾಂಪ್ ಸಂಗ್ರಹ ಮಾಡೋರು ಇದ್ರೆ, 1985ರಲ್ಲಿ ಅಮೆರಿಕದ ಅಂಚೆ 22 ಸೆಂಟಿನ ನಾಲ್ಕು ಡಿಕಾಯ್ ಸ್ಟ್ಯಾಂಪ್ ತಂದಿತ್ತು, ಅದ್ರಲ್ಲಿ ಒಂದು ಕ್ಯಾನ್ವಾಸ್‌ಬ್ಯಾಕ್, ಒಂದು ರೆಡ್‌ಹೆಡ್. ಹಣೆ ವ್ಯತ್ಯಾಸ ಹುಡುಗನಿಗೆ ತೋರಿಸೋಕೆ ಅದೇ ಸಾಕು, ಆನ್‌ಲೈನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ.

ಡೆಲವೇರ್_ಗೌಡ:

ಥ್ರೆಡ್ ಮಧ್ಯೆ ನುಗ್ತಾ ಇದೀನಿ, ತಪ್ಪು ತಿಳ್ಕೋಬೇಡಿ. ನಮ್ಮ ಬಾಡಿಗೆ ಮನೆ ಓನರ್ ಗ್ಯಾರೇಜ್ ಬಾಗಿಲಿಗೆ ಅಡ್ಡ ಇಡೋದು ಒಂದು ಕಬ್ಬಿಣದ ಬಾತು, ಎತ್ತೋಕೆ ಎರಡು ಕೈ ಬೇಕು. ಕಬ್ಬಿಣ ತೇಲೋದು ಹೇಗೆ ಸ್ವಾಮಿ, ಅದೂ ಡಿಕಾಯಾ?

ಶೋರ್_ರಾಯ:

ತೇಲೋಕಲ್ಲ ಗೌಡ್ರೆ. ಮೇಲೆ ಸಿಂಕ್‌ಬಾಕ್ಸ್ ಹೇಳಿದ್ನಲ್ಲ, ಅದರ ರೆಕ್ಕೆ ಮೇಲೆ ಇಡೋಕೆ ಎರಕ ಹೊಯ್ದ ಬಾತು. ಪೆಟ್ಟಿಗೆ ನೀರಿನ ಮಟ್ಟಕ್ಕೆ ಇಳೀಬೇಕು ಅಂದ್ರೆ ಭಾರ ಬೇಕು, ಬರೀ ಗುಂಡುಕಲ್ಲು ಇಡೋ ಬದಲು ಬಾತಿನ ಆಕಾರದ ಭಾರ ಇಟ್ರೆ ಎರಡೂ ಕೆಲಸ ಆಯ್ತು. ಅಡಿ ಚಪ್ಪಟೆ ಇರಬೇಕು. ಆದ್ರೆ ಬಾಗಿಲಿಗೆ ಇಡೋಕೆ ಅಂತಲೇ ಆಮೇಲೆ ಎರಕ ಹೊಯ್ದಿದ್ದೂ ಬೇಕಾದಷ್ಟಿವೆ, ಹಳೇ ಎರಕದ ಮೈ ನಯವಾಗಿರುತ್ತೆ, ಹೊಸದು ಮರಳು ಮರಳಾಗಿ ಒರಟು, ತುಕ್ಕು ಕಿತ್ತಳೆ ಬಣ್ಣಕ್ಕೆ ಇರುತ್ತೆ. ತುಕ್ಕಿನ ಬಣ್ಣ ಏನು ಅಂತ ನೋಡಿ ಹೇಳಿ, ಆಮೇಲೆ ಓನರ್ ಹತ್ರ ಮಾತಾಡಿ. ಮೊದಲೇ ಕೇಳಿಬಿಟ್ರೆ ಬಾಡಿಗೆ ಜಾಸ್ತಿ ಮಾಡಿಯಾರು.